ಹಬೀಬ್ ಸಾಬರ ಹನ್ನೊಂದು ಕಾಗದಗಳು

ಕೊಳ್ಳೇಗಾಲ, ೧೨ ಜೂನ್ ೧೯೪೩

ನಮ್ಮ ಸರ್ಕಾರಿ ರೇಷ್ಮೆ ಕಾರ್ಖಾನೆಗೆ ಹೊಸ ಎಕ್ಸ್‌ಪರ್ಟ್ ಬಂದಿಳಿದ. ಯುದ್ಧದ ಪ್ಯಾರಾಚೂಟಿಗೆ ಒಂದೇ ಸಮನಾದ ಸಣ್ಣ ರೇಷ್ಮೆ ನೂಲು ಬೇಕಂತೆ. ಅದನ್ನು ತೆಗೆಯುವುದು ಹೇಗೆಂದು ನಮ್ಮ ಹೆಂಗಸರಿಗೆ ಇವನು ಕಲಿಸಬೇಕಂತೆ. ಅಜ್ಜಿಯರ ಕಾಲದಿಂದ ಗೂಡು ಬೇಯಿಸಿ ನೂಲೆಳೆಯುವ ಊರಿಗೆ ಪಾಠ ಹೇಳಲು ಸಮುದ್ರದಾಚೆಯಿಂದ ಮನುಷ್ಯ ಬರಬೇಕಾಯಿತು! ಹೆಸರು ಹಬೀಬ್ ಸಾಬ್. ದೇಶ ಲೆಬನಾನ್. ಬೊಂಬಾಯಿಗೆ ನೆಂಟರನ್ನು ನೋಡಲು ಬಂದವನು ಯುದ್ಧದಲ್ಲಿ ಸಿಕ್ಕಿಕೊಂಡನಂತೆ. ಲೆಬನಾನ್ ಎಲ್ಲಿದೆ ಎಂದು ಮ್ಯಾನೇಜರನ್ನು ಕೇಳಿದೆ. "ಅರಬರ ಕಡೆ, ಮರಳು ಇರುವಲ್ಲಿ" ಎಂದರು.

ಇಂಗ್ಲಿಷ್ ಬರುವ ಗುಮಾಸ್ತ ನಾನೊಬ್ಬನೇ ಆದ್ದರಿಂದ ನಾನೇ ಅವನ ದುಭಾಷಿ. ಅಷ್ಟಕ್ಕೇ ಮುಗಿಯಲಿಲ್ಲ. ಬೇರೆ ಮನೆ ಸಿಗುವವರೆಗೆ ನಮ್ಮ ಹೊರಗಿನ ಕೋಣೆ ಅವನಿಗೆ ಬಿಟ್ಟುಕೊಡಬೇಕಂತೆ. ಅದು ಸೈನ್ಯಕ್ಕೆ ಹೋದ ತಮ್ಮ ಗುರುಮಲ್ಲನ ಕೋಣೆ. ಮಾಂಸ ತಿನ್ನುವ ಸಾಬರನ್ನು ಲಿಂಗವಂತರ ಮನೆಯಲ್ಲಿ ಇಟ್ಟುಕೊಂಡರೆ ಊರು ಏನಂದೀತು? ಆದರೂ ಮೇಲಿನವರಿಗೆ ಆಗದು ಎನ್ನುವ ಧೈರ್ಯ ನನಗಿಲ್ಲ.

ಅವ್ವ ಒಲೆಯ ಮುಂದೆ ಕೂತು ನನ್ನ ಹೆಂಡತಿ ಮಹಾದೇವಮ್ಮನಿಗೆ ಹೇಳಿದಳು: "ನಿನ್ ಗಂಡುಂಗೆ ಏಳು ಮಾದೇವಿ, ಆ ಕ್ವಾಣೆ ನನ್ ಮಗುಂದು ಅಂತ."

ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ. ಅವ್ವ ನನ್ನೊಡನೆ ಮಾತು ಬಿಟ್ಟು ಹದಿನಾರು ತಿಂಗಳಾಯಿತು.

೨೦ ಜೂನ್, ಭಾನುವಾರ

ಆ ಮನುಷ್ಯ ಬೆಳಿಗ್ಗೆ ಟೈ ಕಟ್ಟಿಕೊಂಡು ಕ್ರೈಸ್ತರ ಪೂಜೆಗೆ ಹೋದ! ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಶುಕ್ರವಾರ ಮಸೀದಿಯವರು ಕರೆಯಲು ಬಂದಾಗ ಕೈಮುಗಿದು ಕಳಿಸಿದ್ದನಂತೆ. ಜಂಬದವನು ಎಂದು ಅವರು ಬೇಸರಪಟ್ಟುಕೊಂಡಿದ್ದಾರೆ. ಸಂಜೆ ಕೇಳಿದೆ. ಸಾಬ್ ಎನ್ನುವುದು ಅವನ ಮನೆತನದ ಹೆಸರಂತೆ, ಅರಬ್ಬಿಯಲ್ಲಿ ಅದಕ್ಕೆ 'ಕಷ್ಟ' ಎಂದು ಅರ್ಥವಂತೆ. ಹಬೀಬ್ ಅಂದರೆ ಪ್ರೀತಿಪಾತ್ರ.

"ನಾನು ಪ್ರೀತಿಯ ಕಷ್ಟ" ಎಂದು ನಕ್ಕ. "ನನ್ನನ್ನು ಇಟ್ಟುಕೊಂಡವರಿಗೆಲ್ಲ ಆಮೇಲೆ ಗೊತ್ತಾಗುತ್ತದೆ."

ನಾನು ನಗಲಿಲ್ಲ. ಬಾಯಿ ಜೋರಿನವನು ಎಂದುಕೊಂಡೆ.

೪ ಜುಲೈ

ಇಂದು ನಡೆದದ್ದನ್ನು ಬರೆದಿಡಲೇಬೇಕು.

ಮಹಾದೇವಮ್ಮ ಹೊರಕೋಣೆ ಗುಡಿಸುವಾಗ ಒಂದು ಬೆಂಕಿಪೊಟ್ಟಣ ಸಿಕ್ಕಿತು. ತೆರೆದರೆ ಒಳಗೆ ಕತ್ತರಿಸಿದ ಉಗುರುಗಳು! ಚೀರಿ ಎಸೆದುಬಿಟ್ಟಳು. "ಆ ಅರಬ್ಬಿಯವನು ಮಾಟಗಾರ ಕಣ್ರೀ" ಎಂದು ನಡುಗಿದಳು. ನಾನು ಪೊಟ್ಟಣ ಹಿಡಿದು ಕಾರ್ಖಾನೆಗೇ ಹೋಗಿ ಅವನ ಮುಂದಿಟ್ಟೆ. ಅವನ ಮುಖ ಕೆಂಪಾಯಿತು.

"ಮೈಸೂರು ಸ್ಟೇಷನ್ನಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಹೇಳಿದರು" ಎಂದ. "ಕೊಳ್ಳೇಗಾಲಕ್ಕೋ? ಅಲ್ಲಿ ಎಲ್ಲರೂ ಮಾಟಗಾರರು. ಕೂದಲು, ಉಗುರು ಎಲ್ಲಿಯೂ ಬೀಳಿಸಬೇಡಿ, ನಿಂಬೆಹಣ್ಣು ದಾಟಬೇಡಿ ಎಂದರು. ನಾನು ನಂಬಲಿಲ್ಲ. ಆದರೂ ಉಗುರು ಕೂಡಿಟ್ಟೆ."

ನನಗೆ ತಡೆಯಲಾಗದ ನಗು ಬಂತು. ನೂಲು ತೆಗೆಯುವ ಹೆಂಗಸರು ಕೈ ನಿಲ್ಲಿಸಿ ನೋಡಿದರು. ನಾನು ಪರೀಕ್ಷೆಗೆಂದು ಮೈಸೂರಿಗೆ ಹೋದಾಗ ಊರು ಕೊಳ್ಳೇಗಾಲ ಎಂದ ಕೂಡಲೇ ಛತ್ರದವರು ನನ್ನ ಹಾಸಿಗೆಯನ್ನು ಜಗುಲಿಗೆ ಹಾಕಿದ್ದನ್ನು ಹೇಳಿದೆ. ನನ್ನ ಹೆಂಡತಿಯ ತವರು ಯಳಂದೂರು ಇಲ್ಲೇ ಮೂರು ಹೆಜ್ಜೆ, ಆದರೂ ಮೈಸೂರು ಸೀಮೆ. ನಾವು ಬ್ರಿಟಿಷರ ಕೊಯಮತ್ತೂರು ಜಿಲ್ಲೆ. ನಮಗೆ ಹೆಣ್ಣು ಕೊಡುವಾಗ ನನ್ನ ಮಾವನವರು ಮೂರು ಕಡೆ ಶಕುನ ಕೇಳಿದ್ದರಂತೆ.

"ನಿಮಗೆ ಮಾಟ, ನಮಗೆ ಒಂಟೆ" ಎಂದ ಅವನು. "ನಮ್ಮ ಹಳ್ಳಿಯಲ್ಲಿ ಒಂದೇ ಒಂದು ಒಂಟೆಯಿಲ್ಲ ವೃಷಭೇಂದ್ರಪ್ಪ. ನಾನು ಮೊದಲು ಒಂಟೆ ನೋಡಿದ್ದು ಬೊಂಬಾಯಿಯಲ್ಲಿ."

ನಗುವಿನ ಭರದಲ್ಲಿ ನನ್ನ ಬಾಯಿ ಜಾರಿತು. ನನಗೆ ಮಾಟ ಬಂದಿದ್ದರೆ ಮೊದಲು ನನ್ನ ತಮ್ಮನಿಂದ ಒಂದು ಕಾಗದ ತರಿಸಿಕೊಳ್ಳುತ್ತಿದ್ದೆ ಎಂದುಬಿಟ್ಟೆ. ಅವನು ನಗು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಮಾತು ಬದಲಿಸಿದೆ.

೧೭ ಆಗಸ್ಟ್, ರಾಮಾಪುರ

ಹುಳು ಸಾಕುವವರನ್ನು ನೋಡಲು ಹನೂರು, ಅಜ್ಜೀಪುರದ ಮೇಲೆ ಇಲ್ಲಿಗೆ ಬಂದಿದ್ದೇವೆ. ಹೋದ ಕಡೆಯಲ್ಲೆಲ್ಲ ಸಾಬ್ ಅವರನ್ನು ನೋಡಲು ಜನ. ಅಜ್ಜೀಪುರದ ಚಿಕ್ಕಮಾದಯ್ಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಕೇಳಿದ: "ಸಾ, ಇವ್ರು ಕುದ್ರೆ ಮಾರೋರಾ, ಅತ್ತರು ಮಾರೋರಾ?"

"ಎರಡೂ ಅಲ್ಲ. ರೇಷ್ಮೆಯವರು."

"ಅರಬ್ಬಿ ಸೀಮೇಲಿ ರೇಸ್ಮೆ ಎಲ್ಲದೆ ಸಾ? ಮಳ್ಳಲ್ಲಿ ಉಪ್ನೇರ್ಳೆ ಬೆಳ್ದದಾ?"

ನಾನು ಅನುವಾದಿಸಿದೆ. ಸಾಬ್ ಅಂಗಿಯ ತೋಳು ಮಡಿಸಿ ಹುಳುವಿನ ಮನೆಗೆ ಹೋದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಂದೊಂದು ತಟ್ಟೆಯ ಮೇಲೂ ಕಿವಿಯಿಟ್ಟು ಕಣ್ಣು ಮುಚ್ಚಿದರು. ಹುಳು ಉಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ. ಅದು ತೆಳುವಾದರೆ ಹುಳುವಿಗೆ ಕಾಯಿಲೆ. ನಮ್ಮ ಅವ್ವ ಹಾಗೆಯೇ ಕಿವಿಯಿಟ್ಟು ಹೇಳುತ್ತಾಳೆ. ಇವರೂ ಮೂಲೆಯ ಒಂದು ತಟ್ಟೆ ತೋರಿಸಿ ಬೇರೆ ಇಡಿ ಎಂದರು. ಚಿಕ್ಕಮಾದಯ್ಯ ನೋಡಿದ, ಆ ತಟ್ಟೆಯ ಹುಳು ಸಪ್ಪಗಾಗಿದ್ದವು.

"ಇವ್ರು ನಮ್ಮೋರೇ ಕಣ್ ಸಾ" ಎಂದ. ಆಮೇಲೆ ಒಂಟೆಯ ಮಾತು ಬರಲಿಲ್ಲ.

ಸಂತೆಯಲ್ಲಿ ಬದನೆಕಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡಿದರು. ನನಗೇ ನಾಚಿಕೆ. ಕೊನೆಗೆ ಕೇಳಿದಷ್ಟು ಇಳಿಸಿದ ಮುದುಕಿಗೆ ಮೊದಲು ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು! ಯಾಕೆ ಎಂದು ನಾನು ಕೇಳಿದರೆ, "ಚೌಕಾಸಿ ಮಾಡದಿದ್ದರೆ ಆಕೆಯನ್ನು ಮಾತನಾಡಿಸದೆ ಹೋದಂತಾಗುತ್ತಿತ್ತು. ನಾವು ಸಮುದ್ರವನ್ನು ಮೀನಿಗೆ ಮಾರುವ ಜನ ಎಂದು ಲೋಕ ಹೇಳುತ್ತದೆ. ಮಾರುತ್ತೇವೆ. ಆದರೆ ಮೀನು ಅಳುತ್ತಾ ಬಂದರೆ ವಾಪಸು ತೆಗೆದುಕೊಳ್ಳುತ್ತೇವೆ."

೩೦ ಆಗಸ್ಟ್

ಟಪಾಲಿನಲ್ಲಿ ಏನೂ ಇಲ್ಲ.

೯ ಸೆಪ್ಟೆಂಬರ್

ಹಬೀಬರ ಒಂದು ಅಭ್ಯಾಸ ನನಗೆ ಕಿರಿಕಿರಿ ಮಾಡುತ್ತಿತ್ತು. ಅವರ ಕೋಣೆಗೆ ಯಾರು ಹೋದರೂ ಏನಾದರೂ ತಿನ್ನಿಸದೆ ಬಿಡುವುದಿಲ್ಲ. ಟಪಾಲಿನವನಿಗೂ ಕಡಲೆ. ರೇಷನ್ನಿನ ಕಾಲದಲ್ಲಿ ಇದೆಂಥ ದೊಡ್ಡಸ್ತಿಕೆ?

ಇಂದು ಅವ್ವ ಜಗುಲಿಯಲ್ಲಿ ಅಲಸಂದೆ ಸುಲಿಯುತ್ತಿದ್ದಳು. ಊಟ ಬಿಟ್ಟು ಎರಡು ದಿನವಾಗಿತ್ತು. ಗುರುಮಲ್ಲನ ನೆನಪಾದಾಗ ಹಾಗೆಯೇ. ಹಬೀಬರು ಬಂದು ಅವಳ ಎದುರಿಗೆ ಕೂತು ಅಲಸಂದೆ ಸುಲಿಯತೊಡಗಿದರು. ತಮಗೆ ಬಂದಷ್ಟು ಕನ್ನಡದಲ್ಲಿ, "ಅವ್ವ ಊಟ ಇಲ್ಲ ಯಾಕೆ?" ಎಂದರು.

"ನನ್ ಮಗ ಉಂಡನೋ ಇಲ್ವೋ, ನಾನೆಂಗ್ ಉಣ್ಣನಪ್ಪ?"

ಅವರು ನನ್ನನ್ನು ಕರೆದು, ನಾನು ಹೇಳುವುದನ್ನು ಒಂದು ಮಾತೂ ಬಿಡದೆ ಹೇಳು ಎಂದರು. ಹೋದ ಮಹಾಯುದ್ಧದಲ್ಲಿ ಅವರ ಬೆಟ್ಟಸೀಮೆಗೆ ಧಾನ್ಯ ಬರುವ ದಾರಿ ಮುಚ್ಚಿತಂತೆ. ಮಿಡತೆ ಬಂದು ಹಸಿರೆಲ್ಲ ತಿಂದಿತು. ಹೊಟ್ಟೆಗಿಲ್ಲದೆ ಹಳ್ಳಿ ಹಳ್ಳಿಗಳೇ ಖಾಲಿಯಾದವು. ಇವರ ತಾಯಿ ತನಗೆ ಉಂಡಾಯಿತೆಂದು ಸುಳ್ಳು ಹೇಳಿ ತನ್ನ ಪಾಲನ್ನು ಮಕ್ಕಳಿಗೆ ಕೊಟ್ಟು ಸತ್ತಳು. ಇಬ್ಬರು ಅಣ್ಣಂದಿರೂ ಸತ್ತರು. ಉಳಿದದ್ದು ಇವರು ಮತ್ತು ಒಬ್ಬ ಅಕ್ಕ. "ನಮ್ಮವರು ಅತಿಥಿಗೆ ತುರುಕಿ ತುರುಕಿ ತಿನ್ನಿಸುತ್ತಾರೆ ಎಂದು ಪರದೇಶದವರು ನಗುತ್ತಾರೆ. ನಗಲಿ. ತಾಯಿ ಹಸಿದರೆ ಮಗನ ಹೊಟ್ಟೆ ತುಂಬುವುದಿಲ್ಲ ಅವ್ವ. ನನಗೆ ಗೊತ್ತು, ನಾನು ಆ ಮಗ."

ನಾನು ಅದಷ್ಟನ್ನೂ ಕನ್ನಡದಲ್ಲಿ ಅವ್ವನಿಗೆ ಹೇಳಿದೆ.

ಅವ್ವ ಎದ್ದು ಒಳಗೆ ಹೋದಳು. ಎರಡು ತಟ್ಟೆ ತಂದಳು. ಒಂದನ್ನು ಹಬೀಬರ ಮುಂದಿಟ್ಟು ಇನ್ನೊಂದರಲ್ಲಿ ತಾನು ಉಂಡಳು.

ನಾಳೆಯಿಂದ ಹಬೀಬಪ್ಪನ ಊಟ ನಡುಮನೆಯಲ್ಲೇ ಆಗಬೇಕೆಂದು ಮಹಾದೇವಮ್ಮನ ಮೂಲಕ ನನಗೆ ಆಜ್ಞೆಯಾಗಿದೆ. ಬೀದಿಯವರು ಏನಾದರೂ ಅಂದುಕೊಳ್ಳಲಿ.

೨೧ ಸೆಪ್ಟೆಂಬರ್

ಗುರುಮಲ್ಲನ ಕೊನೆಯ ಕಾಗದವನ್ನು ಇಂದು ಹಬೀಬರಿಗೆ ಓದಿ ಹೇಳಿದೆ. ಅವರಾಗಿ ಕೇಳಿರಲಿಲ್ಲ. ಅವ್ವನೇ ತಲೆದಿಂಬಿನ ಕೆಳಗಿನಿಂದ ತೆಗೆದು ಅವರ ಕೈಗೆ ಕೊಟ್ಟಳು. ಹೋದ ಡಿಸೆಂಬರಿನದು. ಅವನು ಸೈನ್ಯದಲ್ಲಿ ಲಾರಿ ಡ್ರೈವರು. ಊರಿನ ಹೆಸರಿಗೆ ಸೆನ್ಸಾರಿನವರು ಮಸಿ ಬಳಿದಿದ್ದಾರೆ.

"ಇಲ್ಲಿ ಬೆಟ್ಟಕ್ಕೆ ಸುಣ್ಣ ಬಳಿದ ಹಾಗೆ ಹಿಮ ಬಿದ್ದದೆ ಅವ್ವ. ನಮ್ಮ ಉಪ್ಪುನೇರಳೆ ಇಲ್ಲಿ ಹುಣಸೆಮರದ ಎತ್ತರ. ರೊಟ್ಟಿ ನಿನ್ನ ಸೆರಗಿನಷ್ಟು ಅಗಲ, ಮಡಿಸಿ ಹೆಗಲ ಮೇಲೆ ಹಾಕಿಕೊಳ್ಳಬಹುದು. ಮುದುಕಿಯರು ಲಾರಿಗೆ ಅಡ್ಡ ನಿಂತು ಬಾಯಿಗೆ ಇಡುತ್ತಾರೆ. ಬೇಡ ಅಂದರೆ ಬೈಯುತ್ತಾರೆ."

ಹಬೀಬರು ಕಾಗದವನ್ನು ನನ್ನಿಂದ ತೆಗೆದುಕೊಂಡರು. ತಮಗೆ ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಹಿಮ, ಉಪ್ಪುನೇರಳೆ ಮರ, ಈ ರೊಟ್ಟಿ. ನಿನ್ನ ತಮ್ಮ ನಮ್ಮ ಬೆಟ್ಟದಲ್ಲಿದ್ದಾನೆ."

ಅವನು ಯಾಕೆ ಹೋದ ಎಂದು ಕೇಳಿದರು. ಈ ಪುಸ್ತಕದಲ್ಲೂ ನಾನು ಇದುವರೆಗೆ ಬರೆದುಕೊಂಡಿಲ್ಲ. ಇಂದು ಬರೆಯುತ್ತೇನೆ. ನಮ್ಮ ಮನೆಯ ಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಬಕಬಕನೆ ತಿನ್ನುವ ದಿನಗಳಲ್ಲಿ ಅವನು ಹನೂರಿಗೆ ನಾಟಕ ನೋಡಲು ಹೋಗಿ ಎರಡು ದಿನ ಬರಲಿಲ್ಲ. ನಾನು ಕಾರ್ಖಾನೆಯ ಕೆಲಸದ ಮೇಲೆ ಪರವೂರಿನಲ್ಲಿದ್ದೆ, ಅವ್ವ ಮತ್ತು ಮಹಾದೇವಮ್ಮ ನೆಂಟರ ಮನೆಯಲ್ಲಿ. ಸೊಪ್ಪಿಲ್ಲದೆ ಹುಳುವೆಲ್ಲ ಹೋಯಿತು. ಬೀದಿಯವರ ಎದುರಿಗೆ ಅವನ ಕೆನ್ನೆಗೆ ಹೊಡೆದೆ. ಇಪ್ಪತ್ತೆರಡರ ಹುಡುಗ, ಕೈ ಎತ್ತಲಿಲ್ಲ. "ಹೊಸಲು ತುಳೀಬೇಡ. ಸತ್ತರೂ ಕಾಗದ ಬರೀಬೇಡ" ಎಂದೆ. ಅವ್ವ ಆಗಲೇ ಗಾಡಿಯಿಳಿದು ಬಾಗಿಲಿಗೆ ಬಂದಿದ್ದಳು, ಎಲ್ಲ ಕೇಳಿಸಿಕೊಂಡಳು.

ಅವನು ಬರೆದ ಕಾಗದಗಳೆಲ್ಲ ಅವ್ವನ ಹೆಸರಿಗೆ. ಒಂದರಲ್ಲೂ ನನ್ನ ಹೆಸರಿಲ್ಲ.

೨೪ ಸೆಪ್ಟೆಂಬರ್

"ಲೆಬನಾನಿನವನಿಗೆ ಲೋಕದ ಪ್ರತಿ ಊರಿನಲ್ಲೂ ಒಬ್ಬ ಚಿಕ್ಕಪ್ಪನ ಮಗ ಇರುತ್ತಾನೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ" ಎಂದರು ಹಬೀಬರು. "ನಿಜವೋ ಸುಳ್ಳೋ ನೋಡಿಯೇಬಿಡೋಣ."

ಹನ್ನೊಂದು ಕಾಗದ ಬರೆದರು. ಸೆನ್ಸಾರಿನವರು ತಡೆಯದಿರಲೆಂದು ಎಲ್ಲವೂ ಇಂಗ್ಲಿಷಿನಲ್ಲಿ. ನಾನು ವಿಳಾಸ ಬರೆದೆ. ಬೈರೂತಿನಲ್ಲಿ ನಾಲ್ವರು, ಬೇರೆ ಬೇರೆ ಬೆಟ್ಟದ ಊರುಗಳಲ್ಲಿ ನಾಲ್ವರು, ಹೈಫಾದಲ್ಲಿ ಒಬ್ಬ, ಕೈರೋದಲ್ಲಿ ಒಬ್ಬ. ಹನ್ನೊಂದನೆಯದು ಬ್ರೆಜಿಲ್ಲಿಗೆ.

"ಬ್ರೆಜಿಲ್ಲಿಗೆ ಯಾಕೆ?"

"ಉಳಿದವರಿಗೆಲ್ಲ ಬರೆದು ಅವನಿಗೆ ಬರೆಯಲಿಲ್ಲ ಎಂದು ಗೊತ್ತಾದರೆ ಹತ್ತು ವರ್ಷ ಮುನಿಸಿಕೊಳ್ಳುತ್ತಾನೆ."

ಗುರುತು ಏನು ಬರೆಯಲಿ ಎಂದರು. ಅಲ್ಲಿಯ ಸೈನ್ಯದಲ್ಲಿ ಸಾವಿರಾರು ಹಿಂದೂಸ್ತಾನಿಗಳು. ಅವ್ವನನ್ನು ಕೇಳಿದೆ; ಅವಳು ಮಹಾದೇವಮ್ಮನ ಕಡೆ ತಿರುಗಿ ಹೇಳಿದಳು: ಮಾಂಸ ಮುಟ್ಟುವುದಿಲ್ಲ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದೆ. ಅದನ್ನು ಬಿಚ್ಚು ಎಂದರೆ ಪ್ರಾಣ ಬಿಟ್ಟಾನು, ಬಿಚ್ಚಲಾರ.

೨೫ ನವೆಂಬರ್

ಫ್ರೆಂಚರು ಹಿಡಿದಿಟ್ಟಿದ್ದ ಲೆಬನಾನಿನ ನಾಯಕರನ್ನು ಬಿಟ್ಟುಬಿಟ್ಟರಂತೆ, ದೇಶ ಸ್ವತಂತ್ರವಂತೆ. ಪತ್ರಿಕೆಯಲ್ಲಿ ನಾಲ್ಕೇ ಸಾಲು. ಆ ನಾಲ್ಕು ಸಾಲಿಗೆ ಹಬೀಬಣ್ಣ ಕಾರ್ಖಾನೆಯವರಿಗೆಲ್ಲ ಬೆಲ್ಲ ಕಡಲೆ ಹಂಚಿದರು. ನೂಲು ತೆಗೆಯುವ ರಾಚಮ್ಮ, "ಯಾವ್ ಅಬ್ಬ ಸಾಮಿ ಇದು? ಒಂಟೆ ಅಬ್ಬವಾ?" ಎಂದಳು. ಅವಳಿಗೆ ಈಗ ಗೊತ್ತು, ಬೇಕೆಂದೇ ಅನ್ನುತ್ತಾಳೆ. ಅವರೂ ಬೇಕೆಂದೇ ಕೋಪ ಮಾಡುತ್ತಾರೆ.

"ಇನ್ನು ನಮ್ಮಲ್ಲಿ ಇಬ್ಬರಿದ್ದರೆ ಮೂರು ಪಕ್ಷ" ಎಂದರು ನನಗೆ. ಕಣ್ಣು ಮಾತ್ರ ಒದ್ದೆ.

ನಮಗೆ ಯಾವಾಗ ಎಂದು ನಾನು ಕೇಳಲಿಲ್ಲ. ಸರ್ಕಾರದ ಗುಮಾಸ್ತ. ಎರಡು ಸಲ ಬೆಲ್ಲ ತೆಗೆದುಕೊಂಡೆ.

೨ ಜನವರಿ ೧೯೪೪

ಏಳು ಜನರಿಂದ ಉತ್ತರ ಬಂದಿದೆ. ಸಿಕ್ಕಲಿಲ್ಲ, ಹುಡುಕುತ್ತಿದ್ದೇವೆ. ಬರೆದವರಲ್ಲಿ ಬೈರೂತಿನ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಹಣ್ಣಿನ ವ್ಯಾಪಾರಿ. ಯಾರೋ ಕಾಣದವರು ನನ್ನ ತಮ್ಮನ ಹೆಸರನ್ನು ತಪ್ಪು ತಪ್ಪಾಗಿ ಬರೆದು ದೇವರಲ್ಲಿ ಪ್ರಾರ್ಥಿಸಿದ್ದಾರೆ. ಎಲ್ಲ ಕಾಗದಗಳನ್ನೂ ಅವ್ವನಿಗೆ ಪೂರ್ತಿ ಓದಿದೆ.

೧೮ ಜನವರಿ

ಸಿಕ್ಕಿದ್ದಾನೆ. ಬದುಕಿದ್ದಾನೆ.

ಉಳಿದದ್ದು ನಾಳೆ ಬರೆಯುತ್ತೇನೆ.

೧೯ ಜನವರಿ

ಹಣ್ಣಿನ ವ್ಯಾಪಾರಿ ಚಿಕ್ಕಪ್ಪನ ಮಗ ಕಡಲತೀರದ ಒಂದು ಸೈನ್ಯದ ಆಸ್ಪತ್ರೆಗೆ ಕಿತ್ತಳೆ ಹಾಕುತ್ತಾನೆ. ಅಲ್ಲಿ ಒಬ್ಬ ರೋಗಿ ಮಾಂಸದ ಸಾರು ತಳ್ಳಿ ಬರೀ ಕಿತ್ತಳೆ ತಿನ್ನುತ್ತಾನೆಂದು ಅಡಿಗೆಯವನು ಗೊಣಗಿದನಂತೆ. ಇವನು ಹೋಗಿ ನೋಡಿದರೆ ಕೊರಳಲ್ಲಿ ಬೆಳ್ಳಿ ಕರಡಿಗೆ! ಹೋದ ವರ್ಷದ ಜನವರಿಯಲ್ಲಿ ಹಿಮದಲ್ಲಿ ಲಾರಿ ಉರುಳಿ ಕಾಲು, ಬಲಗೈ ಮುರಿದಿತ್ತು. ಎರಡು ತಿಂಗಳು ಎಚ್ಚರವಿರಲಿಲ್ಲ. ಬೆಳೆದ ಗಡ್ಡ, ಗುರುಮಲ್ ಎಂಬ ಹೆಸರು ನೋಡಿ ಅಲ್ಲಿಯ ಕಾರಕೂನ ಇವನನ್ನು ಸಿಖ್ಖನೆಂದು ಬರೆದುಕೊಂಡ. ಸೈನ್ಯದ ಕಾಗದಗಳೆಲ್ಲ ಪಂಜಾಬಿನ ಯಾವುದೋ ಗುರ್‌ಮಲ್ ಸಿಂಗನ ಮನೆಗೆ ಹೋಗಿವೆ. ಆ ತಾಯಿಗೆ ಎಷ್ಟು ಸಂಕಟವಾಯಿತೋ!

ಎಚ್ಚರವಾದ ಮೇಲಾದರೂ ಯಾಕೆ ಬರೆಸಲಿಲ್ಲ ಎಂದು ಇವನು ಕೇಳಿದನಂತೆ. "ಅಣ್ಣ ಬರೀಬೇಡ ಅಂದಿದ್ದಾನೆ. ಅವ್ವನಿಗೆ ಬರೆಸೋಣವೆಂದರೆ ಈ ಕಾಲಿನ ಸುದ್ದಿ ಹೇಳಲಾರೆ" ಎಂದನಂತೆ.

ಇದನ್ನು ಅವ್ವನಿಗೆ ಓದುವಾಗ ಆ ಸಾಲನ್ನು ಬಿಡಬಹುದಿತ್ತು. ದುಭಾಷಿ ಮಾತು ಬಿಡಬಾರದು. ಓದಿದೆ.

ಅವ್ವ ಎದ್ದು ನನ್ನ ಮುಂದೆ ಮಣೆ ಹಾಕಿದಳು. ಆಮೇಲೆ, "ಯಾಕ್ಲಾ ನಿಂತ್ಕಂಡಿದ್ದೀಯೆ, ಕೂತ್ಕ. ಬೆಳಗ್ಗಿಂದ ಏನೂ ಉಂಡಿಲ್ಲ ನೀನು" ಎಂದಳು.

೬ ಮಾರ್ಚ್

ಹಬೀಬಣ್ಣನ ಅಕ್ಕ ಬೆಟ್ಟದಿಂದ ವಾರವಾರವೂ ಇಳಿದು ಆಸ್ಪತ್ರೆಗೆ ಹೋಗುತ್ತಿದ್ದಾಳಂತೆ. ಬೇಳೆ ಅನ್ನದ ಮೇಲೆ ಹುರಿದ ಈರುಳ್ಳಿ ಹಾಕಿ ಒಯ್ಯುತ್ತಾಳಂತೆ. ದಾದಿಯರು ತಡೆದರೆ ನನ್ನ ಮಗ ಎನ್ನುತ್ತಾಳಂತೆ. ಅವಳಿಗೆ ಒಂದು ರೇಷ್ಮೆ ಸೀರೆ ಕಳಿಸಬೇಕೆಂದು ಅವ್ವ. ಅವಳು ಸೀರೆ ಉಡುವುದಿಲ್ಲ ಎಂದೆ. "ಉಡ್ದೆ ಇದ್ರೆ ಒದ್ಕೊಳ್ಳಿ" ಎಂದಳು.

ಗುರುಮಲ್ಲನಿಗೆ ನಾನು ಬರೆದೆ. ನಾಲ್ಕು ಸಲ ಹರಿದು ಐದನೆಯ ಸಲ ಒಂದೇ ಸಾಲು: "ತಪ್ಪು ನನ್ನದು, ಮನೆಗೆ ಬಾ." ಹಬೀಬಣ್ಣ ಟಪಾಲು ಆಫೀಸಿನವರೆಗೆ ಜೊತೆಗೆ ಬಂದರು.

೨೮ ಮೇ ೧೯೪೪

ಗುರುಮಲ್ಲ ಮಧ್ಯಾಹ್ನದ ಮೈಸೂರು ಬಸ್ಸಿನಿಂದ ಇಳಿದ. ಕೋಲು ಹಿಡಿದಿದ್ದಾನೆ, ಎಡಗಾಲು ಎಳೆಯುತ್ತಾನೆ. ಗಡ್ಡ ತೆಗೆದಿದ್ದಾನೆ. ನನ್ನ ಕಾಲಿಗೆ ಬಗ್ಗಲು ಹೋದವನನ್ನು ತಡೆದು ತಬ್ಬಿಕೊಂಡೆ. ಅವನ ಕೆನ್ನೆ ನನ್ನ ಕೆನ್ನೆಗೆ ತಾಗಿತು. "ಕಾಗದ ಬಂತು ಅಣ್ಣ" ಎಂದ.

ಹಬೀಬಣ್ಣ ಬಸ್ ನಿಲ್ದಾಣಕ್ಕೆ ಬರಲಿಲ್ಲ. ಮನೆಯವರು ಮೊದಲು ನೋಡಲಿ ಎಂದು ಕಾರ್ಖಾನೆಯಲ್ಲೇ ಉಳಿದಿದ್ದರು. ನಾನೇ ಹೋಗಿ ಕೈಹಿಡಿದು ಕರೆತಂದೆ. ನಮ್ಮ ಮನೆಯವರಲ್ಲದೆ ಇನ್ಯಾರು ನೀವು ಎಂದು ಬೈದೆ ಕೂಡ.

ಮೂವರೂ ನಡುಮನೆಯಲ್ಲಿ ಎಲೆಗೆ ಕೂತೆವು. ಗುರುಮಲ್ಲ ಹಬೀಬಣ್ಣನ ಕಡೆ ತಿರುಗಿ ಕೂತ. ಆಮೇಲೆ ಮೆಲ್ಲಗೆ ಅರಬ್ಬಿಯಲ್ಲಿ ಮಾತಾಡತೊಡಗಿದ. ನಿಧಾನವಾಗಿ, ಎಡವುತ್ತಾ, ಆದರೆ ಒಂದು ವಿಚಿತ್ರ ರಾಗದಲ್ಲಿ, ಪ್ರತಿ ಮಾತಿನ ಕೊನೆಯನ್ನು ಸ್ವಲ್ಪ ಎಳೆದು. ಹಬೀಬಣ್ಣನ ಕೈ ಎಲೆಯ ಮೇಲೆ ನಿಂತುಹೋಯಿತು. ಅದು ಅವರ ಅಕ್ಕ ಮಾತಾಡುವ ರಾಗ, ಅವರ ಹಳ್ಳಿಯದು. ಐದು ವರ್ಷಗಳಿಂದ ಅವರು ಅದನ್ನು ಕೇಳಿರಲಿಲ್ಲ.

ಗುರುಮಲ್ಲ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: "ಯಾ ಖಾಲಿ, ಯಾ ಖಾಲಿ."

ಹಬೀಬಣ್ಣ ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು.

"ಹಾಗಂದರೇನೋ?" ಎಂದೆ.

"ಸೋದರಮಾವ ಅಂತ ಅಣ್ಣ" ಎಂದ ಗುರುಮಲ್ಲ. "ಅಲ್ಲಿಯ ಅವ್ವ ಹೇಳಿಕೊಟ್ಟಳು. ನಾನು ನಿನಗೆ ತಾಯಿಯಾದ ಮೇಲೆ ನನ್ನ ತಮ್ಮ ನಿನಗೆ ಸೋದರಮಾವ ಅಲ್ಲವೇ, ಹೋಗಿ ಹಾಗೆಯೇ ಕರಿ ಅಂದಳು."

ಅಡಿಗೆಮನೆಯಿಂದ ಅವ್ವನ ಕೂಗು ಕೇಳಿಸಿತು:

"ಯಾವುದ್ಲಾ ಖಾಲಿ? ಯಾವುದೂ ಖಾಲಿಯಾಗಿಲ್ಲ. ಇನ್ನೊಂದ್ ತಪ್ಪಲೆ ಅನ್ನ ಅದೆ, ಸುಮ್ನೆ ಕೂತ್ಕಂಡ್ ಉಣ್ಣಿ ಮೂವರೂವೆ."